ಗ್ಲಾಕಸನ ವಂಶದ ಜಾಡಿನಲ್ಲಿ

ತನ್ನ ಕುಲವನ್ನು ಹೇಳಿಕೊಳ್ಳುವುದು ಮನುಷ್ಯನಿಗೆ ಬಹು ಪ್ರಿಯವಾದ ಸಂಗತಿ. ನಮ್ಮಲ್ಲಿ ಹಿರಿಯರಿಗೆ ಅಭಿವಾದನ ಮಾಡುವಾಗ ಪ್ರವರ, ಗೋತ್ರ, ಸೂತ್ರಗಳನ್ನೆಲ್ಲ ಹೇಳಿ, ಕಟ್ಟಕಡೆಗೆ ತನ್ನ ಹೆಸರನ್ನು ಹೇಳುವ ಪದ್ಧತಿಯುಂಟು. ಗ್ರೀಕರ ಪುರಾಣವೀರರಲ್ಲಿಯೂ ಇಂಥದೇ ಒಂದು ವಾಡಿಕೆ ಇದ್ದಿತು. ಆದರೆ ಅವರು ಅದನ್ನು ನಡೆಸುತ್ತಿದ್ದುದು ಜಗಲಿಯ ಮೇಲಲ್ಲ, ರಣರಂಗದಲ್ಲಿ. ಈಟಿ ಎತ್ತಿ ನಿಂತವನು ಎದುರಾಳಿಯನ್ನು “ನೀನಾರು, ನಿನ್ನ ಕುಲವಾವುದು?” ಎಂದು ಕೇಳುವನು, ಅವನು ಮುತ್ತಾತನಿಂದ ಮೊದಲುಗೊಂಡು ಹೇಳುವನು, ಆಮೇಲೆ ಹೋರಾಟ.

ಹೋಮರ್ ಮಹಾಕವಿಯ ಇಲಿಯಡ್ ಕಾವ್ಯದ ಆರನೆಯ ಸರ್ಗದಲ್ಲಿ ಹೀಗೆ ಕುಲವನ್ನು ಹೇಳಿಕೊಳ್ಳುವವನು ಗ್ಲಾಕಸ್ ಎಂಬ ವೀರ. ಅವನು ಆ ಕಾವ್ಯದ ದೊಡ್ಡ ಪಾತ್ರಗಳಲ್ಲಿ ಒಬ್ಬನಲ್ಲ. ಟ್ರಾಯ್ ನಗರದ ಸಹಾಯಕ್ಕೆಂದು ದೂರದ ಲಿಕಿಯ ದೇಶದಿಂದ ಬಂದ ಸೇನೆಯ ಎರಡನೆಯ ನಾಯಕ, ಅಷ್ಟೆ. ಅವನ ಎದುರಿಗೆ ನಿಂತವನು ಗ್ರೀಕರ ಪಕ್ಷದ ಮಹಾಪರಾಕ್ರಮಿ ಡಯೊಮೀಡೀಸ್. ಪ್ರಶ್ನೆ ಬಂದಾಗ ಗ್ಲಾಕಸನು ಮೊದಲು ಮನುಷ್ಯರ ತಲೆಮಾರುಗಳನ್ನು ಮರದಿಂದ ಉದುರಿ ಮತ್ತೆ ಚಿಗುರುವ ಎಲೆಗಳಿಗೆ ಹೋಲಿಸುವನು. ಅನಂತರ ಆರು ತಲೆಮಾರುಗಳ ಕಥೆಯನ್ನು ಹೇಳುವನು. ಆ ಕಥೆ ಮುಗಿದಾಗ ಯುದ್ಧ ನಡೆಯುವುದಿಲ್ಲ. ಏಕೆ ನಡೆಯುವುದಿಲ್ಲ ಎಂಬುದೇ ಈ ಬರಹದ ವಿಷಯ.

ಸಂಸ್ಕೃತ ಪಾಠ ಹೇಳುತ್ತಿದ್ದ ಕಾಲದಿಂದಲೂ ರಘುವಂಶದ ಪಕ್ಕದಲ್ಲಿಟ್ಟು ನೋಡಬೇಕಾದ ಪ್ರಕರಣವಿದು ಎಂದು ನನ್ನ ಮನಸ್ಸಿನಲ್ಲಿದ್ದಿತು. ಉದ್ಯೋಗದಿಂದ ನಿವೃತ್ತನಾದ ಮೇಲೆ ಕಳೆದ ಚೈತ್ರದಲ್ಲಿ ಮಡದಿಯೊಡನೆ ಆ ಕಡೆಗೆ ಪ್ರಯಾಣ ಮಾಡುವ ಯೋಗ ಒದಗಿತು. ಗ್ಲಾಕಸನು ಹೇಳಿದ ವಂಶಾವಳಿಯನ್ನೇ ನಾವು ದಾರಿಯ ನಕ್ಷೆಯನ್ನಾಗಿ ಇಟ್ಟುಕೊಂಡೆವು. ಮೊದಲ ಪುರುಷನ ಊರಿನಿಂದ ಹೊರಟು ಕೊನೆಯವನ ಊರನ್ನು ಮುಟ್ಟುವುದು, ಇಷ್ಟೇ ಸಂಕಲ್ಪ.

ವಂಶಾವಳಿ ಹೀಗಿದೆ: ಈಯೊಲಸನ ಮಗ ಸಿಸಿಫಸ್, ಅವನ ಮಗ ಮೊದಲನೆಯ ಗ್ಲಾಕಸ್, ಅವನ ಮಗ ಬೆಲ್ಲೆರೊಫಾನ್, ಅವನಿಗೆ ಇಸಾಂಡರ್, ಹಿಪ್ಪೊಲೊಖಸ್ ಎಂಬ ಇಬ್ಬರು ಗಂಡುಮಕ್ಕಳು, ಲಾವೊಡಾಮಿಯ ಎಂಬ ಮಗಳು. ಹಿಪ್ಪೊಲೊಖಸನ ಮಗ ನಮ್ಮ ಗ್ಲಾಕಸ್. ಲಾವೊಡಾಮಿಯಳಿಗೆ ದೇವರಾಜ ಜ್ಯೂಸನಿಂದ ಹುಟ್ಟಿದವನು ಸಾರ್ಪೆಡಾನ್, ಲಿಕಿಯ ಸೇನೆಯ ಮೊದಲನೆಯ ನಾಯಕ. ಮುತ್ತಾತನ ಹೆಸರನ್ನು ಮರಿಮಗನಿಗೆ ಇಟ್ಟಿರುವುದನ್ನು ವಾಚಕರು ಗಮನಿಸಿರಬಹುದು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಹೊಳೆಯುವ, ನೀಲಿ ಬೆರೆತ ಹಸುರಿನ ಎಂದು ಅರ್ಥ. ಸಮುದ್ರದ ಬಣ್ಣಕ್ಕೆ ಸಲ್ಲುವ ಮಾತು.

ಮೊದಲು ಕೊರಿಂಥ್. ಅಥೆನ್ಸಿನಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರು. ಹೋಮರನು ಎಫೈರೆ ಎಂದು ಹೇಳುವ ಊರು ಇದೇ ಎಂದು ಗ್ರೀಕರು ನಂಬಿದ್ದರು. ಹಳೆಯ ನಗರದ ಅವಶೇಷಗಳ ಬೆನ್ನಿಗೆ ಅಕ್ರೊಕೊರಿಂಥ್ ಎಂಬ 575 ಮೀಟರು ಎತ್ತರದ ಕಡಿದಾದ ಬಂಡೆಯ ಬೆಟ್ಟ ನಿಂತಿದೆ. ಈ ನಗರವನ್ನು ಸ್ಥಾಪಿಸಿದವನು ಸಿಸಿಫಸನೆಂದು ಪ್ರತೀತಿ. ಅವನು ಮನುಷ್ಯರಲ್ಲೆಲ್ಲ ಅತಿ ಚತುರ. ಆ ಚಾತುರ್ಯದಿಂದಲೇ ಕೆಟ್ಟವನು. ಮೃತ್ಯುವನ್ನೂ ವಂಚಿಸಲು ಹೋಗಿ, ಪಾತಾಳದಲ್ಲಿ ಒಂದು ಬಂಡೆಯನ್ನು ಗುಡ್ಡದ ನೆತ್ತಿಗೆ ಉರುಳಿಸುತ್ತ, ಅದು ಮತ್ತೆ ಕೆಳಗುರುಳುವುದನ್ನು ನೋಡುತ್ತ ಎಂದೆಂದಿಗೂ ದುಡಿಯುವ ಶಿಕ್ಷೆಗೆ ಒಳಗಾದನು. ಅವನ ಹೆಂಡತಿ ಮೆರೋಪೆ. ನಾವು ಕೃತ್ತಿಕೆಯರೆಂದು ಕರೆಯುವ ನಕ್ಷತ್ರಪುಂಜವನ್ನು ಗ್ರೀಕರು ಏಳು ಮಂದಿ ಸೋದರಿಯರೆಂದು ಎಣಿಸುವರು. ಅವರಲ್ಲಿ ಆರು ಮಂದಿ ದೇವತೆಗಳ ಕೈಹಿಡಿದರು, ಮೆರೋಪೆ ಒಬ್ಬಳೇ ಮರ್ತ್ಯನನ್ನು ವರಿಸಿದಳು. ಆ ನಾಚಿಕೆಯಿಂದ ಅವಳ ತಾರೆ ಮಂಕಾಯಿತಂತೆ. ಬರಿಗಣ್ಣಿಗೆ ಆರೇ ನಕ್ಷತ್ರಗಳು ಕಾಣುವುದಕ್ಕೆ ಅವರು ಕೊಟ್ಟ ಕಾರಣವಿದು. ನಾವು ಆರು ಕೃತ್ತಿಕೆಯರನ್ನು ಷಣ್ಮುಖನ ತಾಯಂದಿರನ್ನಾಗಿ ಮಾಡಿದೆವು. ಅವರು ಏಳನೆಯವಳನ್ನು ಹುಡುಕಿ ಅವಳಿಗೊಂದು ಸಂಸಾರವನ್ನು ಕಟ್ಟಿಕೊಟ್ಟರು.

ಎರಡನೆಯವನಾದ ಹಿರಿಯ ಗ್ಲಾಕಸನು ಕುದುರೆಗಳ ಹುಚ್ಚಿನವನು. ರಥದ ಪಂದ್ಯದಲ್ಲಿ ತನ್ನ ಕುದುರೆಗಳಿಗೇ ಆಹುತಿಯಾದನೆಂದು ಕಥೆ. ಅವನ ಮಗ ಬೆಲ್ಲೆರೊಫಾನನಿಗೂ ಕುದುರೆಯ ಋಣ ತಪ್ಪಲಿಲ್ಲ. ಆದರೆ ಅವನಿಗೆ ಒದಗಿದುದು ರೆಕ್ಕೆಗಳುಳ್ಳ ಪೆಗಾಸಸ್. ಕೊರಿಂಥದ ಅವಶೇಷಗಳ ನಡುವೆ ಪೈರೀನಿ ಎಂಬ ಬುಗ್ಗೆಯ ಕಟ್ಟಡವಿದೆ. ರೋಮನರ ಕಾಲದ ಆರು ಕಮಾನುಗಳು ಈಗಲೂ ಸಾಲಾಗಿ ನಿಂತಿವೆ. ಇಲ್ಲಿ ನೀರು ಕುಡಿಯಲು ಬಂದ ಆ ದಿವ್ಯಾಶ್ವವನ್ನು, ಅಥೀನಾ ದೇವಿ ಕನಸಿನಲ್ಲಿ ಕೊಟ್ಟ ಚಿನ್ನದ ಕಡಿವಾಣದಿಂದ ಬೆಲ್ಲೆರೊಫಾನನು ಒಲಿಸಿಕೊಂಡನೆಂದು ಪಿಂಡರ್ ಕವಿ ಹಾಡಿದ್ದಾನೆ. ಕೊರಿಂಥದವರು ತಮ್ಮ ಬೆಳ್ಳಿಯ ನಾಣ್ಯಗಳ ಮೇಲೆ ಶತಮಾನಗಳ ಕಾಲ ಆ ರೆಕ್ಕೆಯ ಕುದುರೆಯನ್ನೇ ಅಚ್ಚೊತ್ತಿದರು. ಆದರೆ ಒಂದು ವಿಶೇಷವುಂಟು. ಮೊಮ್ಮಗನಾದ ಗ್ಲಾಕಸನು ಅಜ್ಜನ ಕಥೆಯನ್ನು ಹೇಳುವಾಗ ಪೆಗಾಸಸನ ಹೆಸರನ್ನೇ ಎತ್ತುವುದಿಲ್ಲ. ಅವನು ಹೇಳುವುದು ಮನುಷ್ಯರು ಮನುಷ್ಯರಿಗೆ ಮಾಡಿದ್ದನ್ನು.

ಅದು ಹೀಗೆ. ಬೆಲ್ಲೆರೊಫಾನನು ಕಾರಣಾಂತರದಿಂದ ಪ್ರೀಟಸನೆಂಬ ರಾಜನ ಆಶ್ರಯಕ್ಕೆ ಬಂದನು. ಪ್ರೀಟಸನ ರಾಜಧಾನಿ ಟಿರಿನ್ಸ್, ಕೊರಿಂಥದ ದಕ್ಷಿಣಕ್ಕೆ ಸಮುದ್ರದ ಬಳಿ ಇರುವ ಕೋಟೆ. ಇದನ್ನು ನೋಡಿದವರು ಮರೆಯಲಾರರು. ಗಾರೆಯಿಲ್ಲದೆ ಒಂದರ ಮೇಲೊಂದು ಹೇರಿದ ಹೆಬ್ಬಂಡೆಗಳು. ಮನುಷ್ಯಮಾತ್ರರಿಂದ ಇದು ಸಾಧ್ಯವಲ್ಲವೆಂದು ತಿಳಿದ ಗ್ರೀಕರು, ಒಕ್ಕಣ್ಣಿನ ದೈತ್ಯರು ಲಿಕಿಯದಿಂದ ಬಂದು ಕಟ್ಟಿದರೆಂದು ಹೇಳಿದರು. ಲಿಕಿಯದಿಂದ ಏಕೆ ಬರಬೇಕು? ಪ್ರೀಟಸನ ರಾಣಿ ಆಂಟಿಯ ಲಿಕಿಯದ ರಾಜಕುಮಾರಿ. ದೈತ್ಯರು ಬಂದ ದೇಶ ಅವಳ ತವರು.

ಆ ಆಂಟಿಯಳು ತರುಣನಾದ ಅತಿಥಿಯನ್ನು ಮೋಹಿಸಿದಳು. ಅವನು ಒಪ್ಪದಿರಲು, ಅವನೇ ತನ್ನನ್ನು ಬಲಾತ್ಕರಿಸಲು ಬಂದನೆಂದು ಗಂಡನಿಗೆ ದೂರಿದಳು. ಪ್ರೀಟಸನಿಗೆ ಕಡುಕೋಪ ಬಂದಿತು. ಆದರೂ ಮನೆಯಲ್ಲಿ ಇರಿಸಿಕೊಂಡವನನ್ನು ತನ್ನ ಕೈಯಿಂದ ಕೊಲ್ಲಲು ಮನಸ್ಸು ಹಿಂಜರಿಯಿತು. ಮಡಿಸುವ ಹಲಗೆಯೊಳಗೆ ಮರಣದ ಸಂಕೇತಗಳನ್ನು ಕೊರೆದು, ಅದನ್ನು ಬೆಲ್ಲೆರೊಫಾನನ ಕೈಯಲ್ಲೇ ಕೊಟ್ಟು, ಲಿಕಿಯದಲ್ಲಿದ್ದ ತನ್ನ ಮಾವನ ಬಳಿಗೆ ಕಳುಹಿಸಿದನು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದ ನಮ್ಮ ಮನೆಗಳ ಹಿರಿಯರಿಗೆ ಇಲ್ಲಿ ಚಂದ್ರಹಾಸನ ನೆನಪು ಬಾರದಿರದು. ದುಷ್ಟಬುದ್ಧಿಯೂ ಹೀಗೆಯೇ ಅವನ ಸಾವನ್ನು ಅವನಿಂದಲೇ ಹೊರಿಸಿ ಕಳುಹಿಸಿದನಲ್ಲವೆ? ಚಂದ್ರಹಾಸನನ್ನು ಉಳಿಸಿದುದು ವಿಷಯೆಯ ಕೈಯಿಂದಾದ ಒಂದಕ್ಷರದ ತಿದ್ದುಪಡಿ. ಬೆಲ್ಲೆರೊಫಾನನನ್ನು ಉಳಿಸಿದುದು ಬೇರೊಂದು. ಅದನ್ನು ಅರಿಯಲು ನಾವೂ ಅವನ ಹಿಂದೆಯೇ ಕಡಲನ್ನು ದಾಟಬೇಕು.

ಲಿಕಿಯವೆಂದರೆ ಈಗಿನ ತುರ್ಕಿ ದೇಶದ ನೈರುತ್ಯ ಮೂಲೆಯಲ್ಲಿ, ಅಂಟಾಲಿಯಕ್ಕೂ ಫೆತಿಯೆಗೂ ನಡುವೆ ಮೆಡಿಟರೇನಿಯನ್ ಸಮುದ್ರಕ್ಕೆ ಚಾಚಿಕೊಂಡಿರುವ ಪರ್ವತಮಯವಾದ ನಾಡು. ನಾವು ವಿಮಾನದಲ್ಲಿ ಅಂಟಾಲಿಯಕ್ಕೆ ಬಂದು, ಅಲ್ಲಿಂದ ಬಾಡಿಗೆಯ ಕಾರಿನಲ್ಲಿ ಕಡಲಂಚಿನ ದಾರಿ ಹಿಡಿದೆವು. ಎಡಕ್ಕೆ ನೀರು, ಬಲಕ್ಕೆ ಪೈನ್ ಮರಗಳ ಬೆಟ್ಟ. ದಾರಿ ಹಾವಿನಂತೆ ಸುತ್ತುತ್ತ ಸಾಗುವುದು.

ಬೆಲ್ಲೆರೊಫಾನನು ಬಂದಾಗ ಲಿಕಿಯದ ರಾಜನು ಏನು ಮಾಡಿದನು? ಪತ್ರವನ್ನು ಕೇಳಲಿಲ್ಲ. ಒಂಬತ್ತು ದಿನ ಒಂಬತ್ತು ಎತ್ತುಗಳನ್ನು ಕಡಿಸಿ ಔತಣವಿಟ್ಟನು. ಹತ್ತನೆಯ ದಿನ ಬೆಳಗಾದ ಮೇಲೆ ಪತ್ರ ಕೇಳಿ ನೋಡಿದನು. ಆ ವೇಳೆಗೆ ಅತಿಥಿ ಅವನ ಅನ್ನವನ್ನು ಉಂಡಾಗಿತ್ತು. ಆದುದರಿಂದ ಅವನೂ ತನ್ನ ಕೈಯಿಂದ ಕೊಲ್ಲದೆ, ಸಾಯುವಂಥ ಕೆಲಸಗಳಿಗೆ ಕಳುಹಿಸಿದನು. ಮೊದಲನೆಯದು ಕಿಮೀರ ಎಂಬ ರಾಕ್ಷಸಿಯ ವಧೆ. ಮುಂಭಾಗ ಸಿಂಹ, ನಡುವೆ ಆಡು, ಹಿಂದೆ ಸರ್ಪ, ಬಾಯಲ್ಲಿ ಬೆಂಕಿ.

ಆ ಬೆಂಕಿಯನ್ನು ನಾವು ಕಣ್ಣಾರೆ ಕಂಡೆವು. ಅಂಟಾಲಿಯದಿಂದ ನೈರುತ್ಯಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ, ಚಿರಾಲಿ ಎಂಬ ಹಳ್ಳಿಯ ಮೇಲಿರುವ ಬೆಟ್ಟಕ್ಕೆ ತುರ್ಕರು ಯನಾರ್‌ತಾಶ್, ಎಂದರೆ ಉರಿಯುವ ಕಲ್ಲು, ಎಂದು ಹೆಸರಿಟ್ಟಿದ್ದಾರೆ. ಸಂಜೆಯ ಹೊತ್ತಿಗೆ ಮೆಟ್ಟಿಲು ಹತ್ತಿ ಹೋದರೆ, ಬೋಳು ಬಂಡೆಯ ಬಿರುಕುಗಳಿಂದ ಹತ್ತಾರು ಕಡೆ ಜ್ವಾಲೆಗಳು ಎದ್ದು ಉರಿಯುತ್ತಿರುವುದು ಕಾಣುವುದು. ಸೌದೆಯಿಲ್ಲ, ಎಣ್ಣೆಯಿಲ್ಲ. ಭೂಗರ್ಭದಿಂದ ಹೊರಬರುವ ಮೀಥೇನ್ ಅನಿಲವೇ ಇಂಧನ. ಸಾಮಾನ್ಯವಾಗಿ ಈ ಅನಿಲ ಹುಟ್ಟುವುದು ಜೀವಿಗಳ ಅವಶೇಷ ಕೊಳೆತಾಗ ಅಥವಾ ನೆಲದಾಳದಲ್ಲಿ ಬೆಂದಾಗ. ಇಲ್ಲಿಯಾದರೋ ಅದರ ಬಹುಭಾಗ ಒಂದು ಜಾತಿಯ ಶಿಲೆಗೂ ನೀರಿಗೂ ನಡೆಯುವ ರಾಸಾಯನಿಕ ಕ್ರಿಯೆಯ ಫಲವೆಂದು ವಿಜ್ಞಾನಿಗಳು ಹೇಳುತ್ತಾರೆ. ರೋಮನ್ ಗ್ರಂಥಕಾರ ಪ್ಲಿನಿ ಸುಮಾರು 1900 ವರ್ಷಗಳ ಹಿಂದೆಯೇ ಈ ಪ್ರಾಂತದಲ್ಲಿ ಕಿಮೀರ ಪರ್ವತ ಆರದೆ ಉರಿಯುವುದೆಂದು ಬರೆದಿಟ್ಟನು. ಜ್ವಾಲೆಗಳ ಬಳಿಯಲ್ಲಿ ಅಗ್ನಿದೇವತೆಯಾದ ಹೆಫೀಸ್ಟಸನ ಗುಡಿಯ ಕಲ್ಲುಗಳು ಬಿದ್ದಿವೆ. ಕೆಲವರು ಆ ಉರಿಯ ಮೇಲೆ ಚಹಾ ಕಾಯಿಸುತ್ತಿದ್ದರು. “ನೋಡಿದಿರಾ, ರಾಕ್ಷಸಿಯನ್ನು ಕೊಂದವನು ಯಾರಾದರೂ ಆಗಲಿ, ಒಲೆಯನ್ನಾಗಿ ಮಾಡಿಕೊಂಡವರು ಇವರು!” ಎಂದು ನನ್ನ ಮಡದಿ ನಕ್ಕಳು.

ಬೆಲ್ಲೆರೊಫಾನನು ಕಿಮೀರವನ್ನು ಕೊಂದನು. ಸೊಲಿಮರೆಂಬ ಗುಡ್ಡದ ಜನರನ್ನು ಗೆದ್ದನು. ಅಮೆಜಾನ್ ವೀರಾಂಗನೆಯರನ್ನು ಸೋಲಿಸಿದನು. ಹಿಂದಿರುಗುವಾಗ ಹೊಂಚುಹಾಕಿದ್ದ ಲಿಕಿಯದ ಭಟರನ್ನು ಒಬ್ಬರೂ ಉಳಿಯದಂತೆ ತರಿದನು. ಇವನು ದೈವಾಂಶದವನೆಂದು ಮನಗಂಡ ರಾಜನು ಮಗಳನ್ನು ಕೊಟ್ಟು ಅರ್ಧರಾಜ್ಯವನ್ನು ಕೊಟ್ಟನು. ಪ್ರಜೆಗಳು ತೋಟವನ್ನೂ ಉಳುವ ಹೊಲವನ್ನೂ ಅಳೆದುಕೊಟ್ಟರು. ಹೀಗೆ ಕೊರಿಂಥದ ಕುಲ ಲಿಕಿಯದಲ್ಲಿ ಬೇರುಬಿಟ್ಟಿತು.

ಮುಂದೆ ಪಶ್ಚಿಮಕ್ಕೆ ಹೋದರೆ ಕಾಶ್ ಎಂಬ ಚಿಕ್ಕ ಬಂದರು ಸಿಗುವುದು. ಇದರ ಸಮೀಪದಲ್ಲಿ ಉಲುಬುರುನ್ ಎಂಬ ಭೂಶಿರವಿದೆ. 1982ರಲ್ಲಿ ಸ್ಪಂಜು ತೆಗೆಯಲು ಮುಳುಗಿದವನೊಬ್ಬನು ಅಲ್ಲಿ ಸಮುದ್ರದ ತಳದಲ್ಲಿ ಒಂದು ಹಳೆಯ ಹಡಗಿನ ಸರಕನ್ನು ಕಂಡನು. 1984ರಿಂದ 1994ರವರೆಗೆ ಶೋಧನೆ ನಡೆಯಿತು. ಕ್ರಿಸ್ತಪೂರ್ವ 14ನೆಯ ಶತಮಾನದ ಕೊನೆಯ ಭಾಗದಲ್ಲಿ ಮುಳುಗಿದ ಆ ಹಡಗಿನಲ್ಲಿ ತಾಮ್ರದ ಗಟ್ಟಿಗಳು, ಗಾಜು, ದಂತ ಮೊದಲಾದ ಅಮೂಲ್ಯ ವಸ್ತುಗಳ ಜೊತೆಗೆ ಒಂದು ಸಣ್ಣ ಪದಾರ್ಥ ದೊರೆಯಿತು: ಕೀಲಿನಿಂದ ಕೂಡಿಸಿದ ಎರಡು ಮರದ ಹಲಗೆಗಳು, ಪುಸ್ತಕದಂತೆ ಮಡಿಸುವಂಥವು. ಒಳಗೆ ಮೇಣವನ್ನು ಹಚ್ಚಿ ಅದರ ಮೇಲೆ ಬರೆಯುತ್ತಿದ್ದರು. ಹೋಮರನ ಕಾವ್ಯಗಳಲ್ಲಿ ಬರವಣಿಗೆಯ ಪ್ರಸ್ತಾಪ ಬರುವುದು ಒಂದೇ ಕಡೆ, ಪ್ರೀಟಸನ ಮಡಿಸಿದ ಹಲಗೆಯಲ್ಲಿ. ಅಂಥ ಹಲಗೆ ಲಿಕಿಯದ ತೀರದಲ್ಲಿಯೇ ಮುಳುಗಿ ಮೂರು ಸಾವಿರಕ್ಕೂ ಹೆಚ್ಚು ವರ್ಷ ಕಾದಿತ್ತು. ಅದು ಬೆಲ್ಲೆರೊಫಾನನ ಪತ್ರವೆಂದು ಯಾರೂ ಹೇಳರು. ಆದರೆ ಕವಿ ಹೇಳಿದ ವಸ್ತು ಆ ಕಡಲಲ್ಲಿ ಓಡಾಡುತ್ತಿದ್ದುದು ನಿಜವೆಂದು ತಿಳಿದಾಗ ಮೈ ನವಿರೇಳುವುದು.

ಕಾಶ್ ದಾಟಿದ ಮೇಲೆ ಕ್ಸಾಂಥಸ್ ನದಿಯ ಕಣಿವೆ. ನದಿಗೆ ಈಗ ಎಶೆನ್ ಎಂದು ಹೆಸರು. ಕಣಿವೆಯ ತಗ್ಗಿನಲ್ಲಿ ಕ್ಸಾಂಥಸ್ ನಗರ, ಸಾರ್ಪೆಡಾನನ ಊರು. ಇಂಗ್ಲಿಷರ ಚಾರ್ಲ್ಸ್ ಫೆಲೋಸ್ 1838ರಲ್ಲಿ ಇದನ್ನು ಕಂಡು, ಅನಂತರ ಇಲ್ಲಿಯ ಉತ್ತಮ ಶಿಲ್ಪಗಳನ್ನು ಲಂಡನ್ನಿಗೆ ಸಾಗಿಸಿದನು. ಎತ್ತರವಾದ ಸಮಾಧಿಸ್ತಂಭದ ಮೇಲೆ ಈಗ ಕಾಣುವ ಉಬ್ಬುಚಿತ್ರಗಳು ಅಚ್ಚೆರಕದ ಪ್ರತಿಗಳು. 1988ರಿಂದ ಈ ಸ್ಥಳ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯಲ್ಲಿದೆ.

ಇಲ್ಲಿ ಒಂದು ಸಂದೇಹವನ್ನು ವಿಚಾರ ಮಾಡಬೇಕು. ಗ್ಲಾಕಸನು ಮಗನ ಮಗ. ಸಾರ್ಪೆಡಾನನು ಮಗಳ ಮಗ. ಹಾಗಿದ್ದೂ ಲಿಕಿಯದ ಸೇನೆಗೆ ಮುಖ್ಯನಾದವನು ಮಗಳ ಮಗನೇಕೆ? ಇತಿಹಾಸಕಾರ ಹೆರೊಡೊಟಸನು ಲಿಕಿಯದ ಜನ ತಮ್ಮ ಕುಲವನ್ನು ತಾಯಿಯ ಕಡೆಯಿಂದ ಹೇಳಿಕೊಳ್ಳುತ್ತಾರೆಂದೂ, ಅದು ಬೇರಾವ ಜನರಲ್ಲಿಯೂ ಇಲ್ಲದ ಪದ್ಧತಿಯೆಂದೂ ಬರೆದನು. ದಕ್ಷಿಣ ಕನ್ನಡದ ಅಳಿಯಸಂತಾನವನ್ನು ಅವನು ಕಂಡವನಲ್ಲ. 1861ರಲ್ಲಿ ಬಾಖೊಫೆನ್ ಎಂಬ ಪಂಡಿತನು ಮಾತೃಪ್ರಧಾನ ಸಮಾಜವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಲಿಕಿಯಕ್ಕೆ ದೊಡ್ಡ ಸ್ಥಾನ ಕೊಟ್ಟನು. ಆದರೆ ಲಿಕಿಯ ಭಾಷೆಯ ಸಮಾಧಿಶಾಸನಗಳನ್ನು ಓದಿದಾಗ ಅಲ್ಲಿ ಸಾಮಾನ್ಯವಾಗಿ ತಂದೆಯ ಹೆಸರೇ ಕಾಣುತ್ತದೆ. ಆದುದರಿಂದ ಹೆರೊಡೊಟಸನ ಮಾತನ್ನು ಪೂರ್ಣವಾಗಿ ಒಪ್ಪುವಂತಿಲ್ಲ. ಸಾರ್ಪೆಡಾನನ ಹಿರಿಮೆಗೆ ಜ್ಯೂಸನ ಮಗನೆಂಬುದೇ ಸಾಕಾದ ಕಾರಣವಿರಬಹುದು. ಏನೇ ಇರಲಿ, ಇಬ್ಬರು ಸೋದರಬಂಧುಗಳಲ್ಲಿ ಮತ್ಸರದ ಸುಳಿವಿಲ್ಲ. ಸಾರ್ಪೆಡಾನನು ಸಾಯುವಾಗ ಕರೆದುದು ಗ್ಲಾಕಸನನ್ನು. ಗಾಯಗೊಂಡಿದ್ದರೂ ಅಪೊಲೊ ದೇವರನ್ನು ಬೇಡಿ, ನೋವು ಕಳೆದುಕೊಂಡು, ಅವನ ದೇಹಕ್ಕಾಗಿ ಹೋರಾಡಿದವನು ಗ್ಲಾಕಸ್.

ಕಣಿವೆಯಲ್ಲಿ ಮೇಲಕ್ಕೆ ಹೋದರೆ ಟ್ಲೋಸ್. ಈ ಯಾತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದ ಸ್ಥಳ ಇದೇ. ಹಿಂದೆ ಹಿಮ ಮುಚ್ಚಿದ ಅಕ್‌ದಾಗ್ ಪರ್ವತ, ಮುಂದೆ ಹಸುರು ಕಣಿವೆ, ನಡುವೆ ಜೇನುಗೂಡಿನಂತೆ ಸಮಾಧಿಗಳನ್ನು ಕೊರೆದ ಬಂಡೆ. ಅದರ ಇಳಿಜಾರಿನಲ್ಲಿ ದೇವಾಲಯದ ಮುಖದಂತೆ ಕಡೆದ ಒಂದು ಗುಹಾಸಮಾಧಿಯ ಮೊಗಸಾಲೆಯ ಗೋಡೆಯಲ್ಲಿ, ರೆಕ್ಕೆಯ ಕುದುರೆಯನ್ನೇರಿ ಮುನ್ನುಗ್ಗುವ ಸವಾರನ ಉಬ್ಬುಚಿತ್ರವಿದೆ. ಜನ ಇದನ್ನು ಬೆಲ್ಲೆರೊಫಾನನ ಸಮಾಧಿಯೆಂದು ಕರೆಯುತ್ತಾರೆ. ನಿಜವಾಗಿ ಇದು ಕ್ರಿಸ್ತಪೂರ್ವ 4ನೆಯ ಶತಮಾನದ ಯಾವನೋ ಸ್ಥಳೀಯ ಪ್ರಭುವಿನದು. ತಾನು ಆ ವೀರನ ಸಂತತಿಯೆಂದು ಅವನು ಭಾವಿಸಿದ್ದಿರಬೇಕು. ಟ್ಲೋಸಿನ ಪೌರರೂ ಪಂಗಡಗಳಾಗಿ ವಿಭಾಗವಾಗಿದ್ದರು. ಶಾಸನಗಳಿಂದ ತಿಳಿದುಬಂದ ಮೂರು ಪಂಗಡಗಳ ಹೆಸರು ಬೆಲ್ಲೆರೊಫಾನ್, ಐಯೊಬಟೀಸ್, ಸಾರ್ಪೆಡಾನ್. ಐಯೊಬಟೀಸನೆಂದರೆ ಬೆಲ್ಲೆರೊಫಾನನಿಗೆ ಮಗಳನ್ನು ಕೊಟ್ಟ ರಾಜನೇ. ಮಾವ, ಅಳಿಯ, ಮೊಮ್ಮಗ ಮೂವರೂ ಕಾವ್ಯದಿಂದಿಳಿದು ಬಂದು ಊರಿನ ಪಟ್ಟಿಯಲ್ಲಿ ಕುಳಿತಿದ್ದಾರೆ! ಆಚೆಯ ಐಯೋನಿಯ ಸೀಮೆಯ ಗ್ರೀಕರು ಕೂಡ ಹಿಪ್ಪೊಲೊಖಸನ ಮಗ ಗ್ಲಾಕಸನ ವಂಶದವರನ್ನು ರಾಜರನ್ನಾಗಿ ಮಾಡಿಕೊಂಡಿದ್ದರೆಂದು ಹೆರೊಡೊಟಸನು ಹೇಳುತ್ತಾನೆ.

ಆದರೆ ಈ ಸಂತತಿ ಹೊಗಳಿಕೊಂಡ ಅಜ್ಜನ ಕೊನೆ ಸುಖವಾಗಿರಲಿಲ್ಲ. ಅವನು ಪೆಗಾಸಸನನ್ನೇರಿ ದೇವಲೋಕಕ್ಕೇ ಹಾರಹೋಗಿ ಬಿದ್ದನೆಂದು ಪಿಂಡರನು ಸೂಚಿಸುವನು. ಮೊಮ್ಮಗನು ಹೇಳುವುದು ಇನ್ನೂ ಸರಳ, ಇನ್ನೂ ದುಃಖಕರ: ಅಜ್ಜನು ದೇವತೆಗಳಿಗೆಲ್ಲ ಬೇಡವಾದನು, ಮನುಷ್ಯರ ಹಾದಿಯನ್ನು ತಪ್ಪಿಸಿಕೊಂಡು ಅಲೆಯಿಯ ಬಯಲಿನಲ್ಲಿ ಒಂಟಿಯಾಗಿ ಅಲೆದನು, ಇಸಾಂಡರನು ಯುದ್ಧದಲ್ಲಿ ಮಡಿದನು, ಲಾವೊಡಾಮಿಯಳನ್ನು ಆರ್ಟೆಮಿಸ್ ದೇವಿ ಕೊಂದಳು. ಶತ್ರುವಿನ ಎದುರಿಗೆ ನಿಂತು ಕುಲದ ಕೀರ್ತಿಯನ್ನು ಹೇಳುವವನು ಇದನ್ನು ಮುಚ್ಚಿಡಬಹುದಿತ್ತು. ಗ್ಲಾಕಸನು ಮುಚ್ಚಿಡಲಿಲ್ಲ. ವಂಚಕನಾದ ಮೂಲಪುರುಷ, ಹುಚ್ಚನಾಗಿ ಅಲೆದ ಅಜ್ಜ, ಅಕಾಲಮರಣಕ್ಕೀಡಾದ ಅತ್ತೆ ಎಲ್ಲರೂ ಅವನ ವಂಶಾವಳಿಯಲ್ಲಿದ್ದಾರೆ. ಕೊನೆಗೆ, ತಂದೆ ತನ್ನನ್ನು ಕಳುಹಿಸುವಾಗ ಹಿರಿಯರಿಗೆ ಅಪಕೀರ್ತಿ ತರಬೇಡವೆಂದು ಹೇಳಿದ್ದನೆನ್ನುವನು.

ಇಷ್ಟನ್ನು ಕೇಳಿದ ಡಯೊಮೀಡೀಸನು ಈಟಿಯನ್ನು ನೆಲಕ್ಕೆ ನೆಟ್ಟನು. ಅವನ ಕಿವಿಗೆ ಬಿದ್ದುದು ಕಿಮೀರದ ವಧೆಯಲ್ಲ, ಅರ್ಧರಾಜ್ಯವಲ್ಲ, ಬೆಲ್ಲೆರೊಫಾನನೆಂಬ ಹೆಸರು. ತನ್ನ ಅಜ್ಜ ಈನಿಯಸನು ಆ ಬೆಲ್ಲೆರೊಫಾನನನ್ನು ಇಪ್ಪತ್ತು ದಿನ ಮನೆಯಲ್ಲಿಟ್ಟುಕೊಂಡು ಸತ್ಕರಿಸಿದ್ದನು. ಅಗಲುವಾಗ ಈನಿಯಸನು ಕೆನ್ನೀಲಿಯ ನಡುಪಟ್ಟಿಯನ್ನು ಕೊಟ್ಟನು, ಬೆಲ್ಲೆರೊಫಾನನು ಎರಡು ಹಿಡಿಯ ಚಿನ್ನದ ಬಟ್ಟಲನ್ನು ಕೊಟ್ಟನು. ಆ ಬಟ್ಟಲು ಇನ್ನೂ ಡಯೊಮೀಡೀಸನ ಮನೆಯಲ್ಲಿತ್ತು. ತನ್ನ ತಂದೆಯ ಮುಖವೂ ಅವನಿಗೆ ನೆನಪಿಲ್ಲ. ಅವನು ಎಳೆಯ ಮಗುವಾಗಿದ್ದಾಗಲೇ ತಂದೆ ಥೀಬ್ಸ್ ಯುದ್ಧದಲ್ಲಿ ಸತ್ತನು. ಆದರೆ ಅಜ್ಜನ ಮನೆಯ ಬಟ್ಟಲು ನೆನಪಿತ್ತು. ಗ್ರೀಕರಲ್ಲಿ ಅತಿಥಿ, ಆತಿಥೇಯ, ಅಪರಿಚಿತ ಈ ಮೂವರಿಗೂ ಕ್ಸೆನೊಸ್ ಎಂಬ ಒಂದೇ ಶಬ್ದ. ಅವರನ್ನು ಕಾಯುವವನು ಸ್ವತಃ ಜ್ಯೂಸ್. ಆ ಸಂಬಂಧ ಮಕ್ಕಳು ಮೊಮ್ಮಕ್ಕಳಿಗೂ ಇಳಿದು ಬರುವುದು. ಇಬ್ಬರೂ ರಥದಿಂದಿಳಿದು ಕೈಹಿಡಿದು, ಇನ್ನು ಒಬ್ಬರನ್ನೊಬ್ಬರು ಹೊಡೆಯುವುದಿಲ್ಲವೆಂದು ಮಾತು ಕೊಟ್ಟು, ಕವಚಗಳನ್ನು ಬದಲಾಯಿಸಿಕೊಂಡರು.

ಗ್ಲಾಕಸನ ಕವಚ ಚಿನ್ನದ್ದು, ನೂರು ಎತ್ತುಗಳ ಬೆಲೆ. ಡಯೊಮೀಡೀಸನದು ಕಂಚಿನದು, ಒಂಬತ್ತು ಎತ್ತುಗಳ ಬೆಲೆ. ಜ್ಯೂಸನು ಗ್ಲಾಕಸನ ಬುದ್ಧಿಯನ್ನು ಕಿತ್ತುಕೊಂಡಿದ್ದನೆಂದು ಹೋಮರನೇ ಹೇಳುವನು. ಕಂಚಿಗೆ ಚಿನ್ನ ಕೊಡುವುದೆಂಬುದು ಮುಂದೆ ಗ್ರೀಕರಲ್ಲಿ ಗಾದೆಯೇ ಆಯಿತು. ನನಗೇನೋ ಕವಿಯ ಈ ಮಾತಿನಲ್ಲಿ ಪೂರ್ಣ ಸಮ್ಮತಿಯಿಲ್ಲ. ಅಜ್ಜನು ನಡುಪಟ್ಟಿಗೆ ಪ್ರತಿಯಾಗಿ ಚಿನ್ನದ ಬಟ್ಟಲನ್ನು ಕೊಟ್ಟನು. ಮೊಮ್ಮಗನು ಕಂಚಿಗೆ ಪ್ರತಿಯಾಗಿ ಚಿನ್ನದ ಕವಚವನ್ನು ಕೊಟ್ಟನು. ತೂಗಿ ನೋಡದೆ ಕೊಡುವುದು ಆ ಮನೆಯ ನಡತೆ. ಸಿಸಿಫಸನ ಕುಲದಲ್ಲಿ ಲೆಕ್ಕಾಚಾರದ ಚಾತುರ್ಯ ಮೊದಲನೆಯವನಲ್ಲಿಯೇ ಮುಗಿದುಹೋಗಿತ್ತೆಂದು ನಾವು ಸಂತೋಷಪಡಬೇಕು. ಅಲ್ಲದೆ, ಆ ದಿನ ಗ್ಲಾಕಸನು ಕೊಂಡುದು ಕಂಚನ್ನು ಮಾತ್ರವೆ? ಗ್ರೀಕರಲ್ಲಿ ಎಣೆಯಿಲ್ಲದ ವೀರನೊಬ್ಬನ ಈಟಿಯಿಂದ ತನ್ನ ಪ್ರಾಣವನ್ನೂ ಕೊಂಡನು.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ವಂಶವನ್ನು ಹೇಳಿಕೊಡುವಾಗ ಯಾವ ಅಜ್ಜ ಎಷ್ಟು ಜಮೀನು ಮಾಡಿದನು, ಯಾರು ಯಾವ ಪದವಿಯಲ್ಲಿದ್ದರು ಎಂದು ಹೇಳುತ್ತೇವೆ. ಯಾರ ಮನೆಯಲ್ಲಿ ನಮ್ಮವರು ಕಷ್ಟಕಾಲದಲ್ಲಿ ಉಂಡರು, ನಮ್ಮ ಮನೆಯಲ್ಲಿ ಯಾರು ಉಂಡರು ಎಂಬುದನ್ನು ಹೇಳುವುದು ವಿರಳ. ಗ್ಲಾಕಸನ ಪ್ರಾಣವನ್ನು ಉಳಿಸಿದುದು ಎರಡನೆಯ ಬಗೆಯ ವಂಶಾವಳಿ. ಟಿರಿನ್ಸಿನ ರಾಜನ ಕೈಯನ್ನು ತಡೆದುದೂ, ಲಿಕಿಯದ ರಾಜನ ಕೈಯನ್ನು ತಡೆದುದೂ ಅದೇ ಅನ್ನದ ಋಣ.

ಆ ಪ್ರಾಣವಾದರೂ ಬಹುಕಾಲ ಉಳಿಯಲಿಲ್ಲ. ಅಖಿಲೀಸನ ಶವಕ್ಕಾಗಿ ನಡೆದ ಕಾಳಗದಲ್ಲಿ ಗ್ಲಾಕಸನು ಏಜಾಕ್ಸನಿಂದ ಹತನಾದನೆಂದು ಮುಂದಿನ ಕವಿಗಳು ಹೇಳುತ್ತಾರೆ. ಅವನ ದೇಹವನ್ನು ಗಾಳಿಗಳು ಲಿಕಿಯಕ್ಕೆ ಹೊತ್ತು ತಂದುವೆಂದೂ, ಅಲ್ಲಿಯ ಅಪ್ಸರೆಯರು ಅವನ ಸಮಾಧಿಯ ಬಳಿ ಒಂದು ನದಿಯನ್ನು ಹರಿಸಿದರೆಂದೂ, ಆ ನದಿಗೆ ಗ್ಲಾಕಸನೆಂದೇ ಹೆಸರಾಯಿತೆಂದೂ ಕ್ವಿಂಟಸ್ ಕವಿ ಬರೆದಿದ್ದಾನೆ. ಫೆತಿಯೆಯ ಎದುರಿನ ಕೊಲ್ಲಿಯನ್ನೂ ಪ್ರಾಚೀನರು ಗ್ಲಾಕಸನ ಕೊಲ್ಲಿಯೆನ್ನುತ್ತಿದ್ದರು. ನಮ್ಮ ಪ್ರಯಾಣ ಮುಗಿದುದು ಅದರ ದಡದಲ್ಲಿ. ಬಿಸಿಲಿನಲ್ಲಿ ಆ ನೀರು ನೀಲಿಯೂ ಅಲ್ಲದೆ ಹಸುರೂ ಅಲ್ಲದೆ ಹೊಳೆಯುತ್ತಿದ್ದಿತು. ಅದರ ಬಣ್ಣಕ್ಕೆ ಗ್ರೀಕರಲ್ಲಿ ಆ ವೀರನ ಹೆಸರೇ ಸಲ್ಲುವುದು.